ಬಿಟ್ಟರೆ ಸಿಕ್ಕು, ಬಿಡದಿದ್ದರೆ ಜಡಿ

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಹೊಸದಾಗಿ ಕಲಿಸಲು ಸೇರಿದ್ದೆ. ಆಗ ಹೆಣ್ಣುಮಕ್ಕಳು ಶಾಲೆಗೆ ಬರುವುದೇ ಕಡಿಮೆ, ಬಂದವರ ತಲೆ ನೋಡಿದರೆ ಗುಬ್ಬಿ ಗೂಡು. ಬೆಳಗಿನ ಪ್ರಾರ್ಥನೆಗೆ ಮೊದಲು ಅವರನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಒಬ್ಬೊಬ್ಬರ ತಲೆ ಹಿಕ್ಕಿ ಹೆರಳು ಹಾಕುತ್ತಿದ್ದೆ. ನಮ್ಮ ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ, ಆದರೆ ಚೇಷ್ಟೆ ಮಾಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಅಕ್ಕೋರ, ಸರಕಾರ ನಿಮಗ ಪಗಾರ ಕೊಡೂದು ಅಕ್ಷರಕ್ಕೋ, ಹೆರಳಿಗೋ?" ಎಂದು ಕೇಳುತ್ತಿದ್ದರು.

"ಅಕ್ಷರಕ್ಕರೀ ಸರ. ಹೆರಳು ಪುಕ್ಕಟೆ," ಅನ್ನುತ್ತಿದ್ದೆ.

ಅವರು ನಗುತ್ತ ಗಂಟೆ ಬಾರಿಸಲು ಹೋಗುತ್ತಿದ್ದರು. ನಿಜವಾದ ಕಾರಣ ಅವರಿಗೆ ನಾನು ಹೇಳಲಿಲ್ಲ. ಹೇಳಬೇಕೆಂದರೆ ನನ್ನ ತಲೆಯ ಕತೆಯನ್ನೇ ಹೇಳಬೇಕಾಗುತ್ತಿತ್ತು, ಅದು ಗಂಟೆ ಬಾರಿಸುವಷ್ಟರಲ್ಲಿ ಮುಗಿಯುವ ಕತೆಯಲ್ಲ.

ನನ್ನದು ಗುಂಗುರು ಕೂದಲು. ಈಗ ಬೆಳ್ಳಗಾಗಿ ತೆಳ್ಳಗಾಗಿ ಸಾಧುವಾಗಿದೆ, ಆದರೆ ಐವತ್ತರ ದಶಕದಲ್ಲಿ, ನಾನು ಆರೇಳು ವರ್ಷದವಳಿದ್ದಾಗ, ಅದು ಮನೆಯಲ್ಲಿ ಇನ್ನೊಬ್ಬ ಹಟಮಾರಿ ಮಗು ಇದ್ದ ಹಾಗಿತ್ತು. ಸೊಂಟದವರೆಗೆ ಉದ್ದ, ಹಿಡಿಯಲ್ಲಿ ಹಿಡಿಯಲಾರದಷ್ಟು ದಟ್ಟ. ಬೆಳಿಗ್ಗೆ ಬಿಡಿಸಿ ಹೆಣೆದರೆ ಸಂಜೆಯ ಹೊತ್ತಿಗೆ ಒಂದಕ್ಕೊಂದು ಸುತ್ತಿಕೊಂಡು ಕೂತಿರುತ್ತಿತ್ತು. ನಮ್ಮ ಓಣಿಯವರು "ನಾಯಿ ಬಾಲ ನಳಗ್ಯಾಗ ಹಾಕಿದ್ರೂ ಡೊಂಕ" ಎಂದು ನನ್ನ ತಲೆ ತೋರಿಸಿ ನಗುತ್ತಿದ್ದರು. ನಾನು ಅವರಿಗೆ ನಾಲಗೆ ಚಾಚಿ ಓಡುತ್ತಿದ್ದೆ.

ನಮ್ಮ ಊರು ಅಕ್ಕಿಆಲೂರಿನ ಮಗ್ಗುಲಿಗಿತ್ತು. ಅಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಮಾಡುತ್ತಿದ್ದ. ಅವ್ವ ಸವಣೂರಿನವಳು. ಅವಳದು ಹಣಿಗೆ ಇಟ್ಟರೆ ತಾನಾಗಿಯೇ ಜಾರಿ ಕೆಳಗಿಳಿಯುವಂಥ ನೇರ ಕೂದಲು. ಗುಂಗುರು ನನಗೆ ಬಂದದ್ದು ಅಪ್ಪನ ಅವ್ವನಿಂದ, ಅಂದರೆ ಅಜ್ಜಿಯಿಂದ. ಅವಳು ಸದಾ ತಲೆಯ ಮೇಲೆ ಸೆರಗು ಹೊದ್ದಿರುತ್ತಿದ್ದುದರಿಂದ ಅದು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ದಿನಾ ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಅವ್ವ ನನ್ನನ್ನು ಹೊಸ್ತಿಲ ಹತ್ತಿರ ಎರಡು ಮೊಣಕಾಲ ನಡುವೆ ಕೂರಿಸಿಕೊಂಡು ಕೂದಲಿಗೆ ಕುಸುಬಿ ಎಣ್ಣೆ ಹಾಕುತ್ತಿದ್ದಳು. ಆಮೇಲೆ ನೆತ್ತಿಯಲ್ಲಿ ಹಣಿಗೆ ಊರಿ ಕೆಳಗೆ ಎಳೆಯುತ್ತಿದ್ದಳು. ನೇರ ಕೂದಲಿನವಳಿಗೆ ಗೊತ್ತಿದ್ದ ರೀತಿ ಅದೊಂದೇ. ನಾನು ಚೀರಿದರೆ ಓಣಿಯ ಆ ತುದಿಯವರು "ಹೊತ್ತು ಹೊಂಟಿತು ನೋಡು" ಅನ್ನುತ್ತಿದ್ದರಂತೆ. ಎಷ್ಟು ಚೀರಿದರೂ ಅವ್ವ ಒಂದು ದಿನವೂ ಬಿಡಲಿಲ್ಲ. ಜಾತ್ರೆ, ಹಬ್ಬ, ಮಳೆ, ಮೈಮೇಲೆ ಹುಷಾರಿಲ್ಲದ ದಿನ ಯಾವುದೂ ಲೆಕ್ಕಕ್ಕಿಲ್ಲ. ಹೊಲಕ್ಕೆ ಕಳೆ ಕೀಳಲು ಹೋಗುವುದು ತಡವಾಗಿ ಬೈಸಿಕೊಂಡರೂ ಸರಿ, ಮೊದಲು ನನ್ನ ತಲೆ.

ಅವಳ ಹಟಕ್ಕೆ ಕಾರಣವಿತ್ತು. ನಮ್ಮ ಕಡೆ ಹೆಣ್ಣು ಮಗುವಿನ ಕೂದಲು ಗಂಟುಗಟ್ಟಿ, ಬಿಡಿಸಲು ಬಾರದ ಹಾಗೆ ಹಗ್ಗವಾದರೆ ಅದನ್ನು ಸಿಕ್ಕು ಅನ್ನುತ್ತಿರಲಿಲ್ಲ, ಜಡಿ ಅನ್ನುತ್ತಿದ್ದರು. ಜಡಿ ಬಂತೆಂದರೆ ಎಲ್ಲಮ್ಮ ತಾಯಿ ಬಂದು ಆ ತಲೆಯಲ್ಲಿ ಕೂತಿದ್ದಾಳೆ ಎಂದು ಅರ್ಥ. ಅದನ್ನು ಹಿಕ್ಕುವ ಹಾಗಿಲ್ಲ, ಕತ್ತರಿಸುವ ಹಾಗಂತೂ ಇಲ್ಲವೇ ಇಲ್ಲ. ಅರಿಷಿಣದ ಭಂಡಾರ ಹಚ್ಚಿ ಪೂಜೆ ಮಾಡಬೇಕು. ಆಮೇಲೆ ಹುಣ್ಣಿಮೆ ನೋಡಿ ಎಲ್ಲಮ್ಮನ ಗುಡಿಯಿರುವ ಗುಡ್ಡಕ್ಕೆ ಕರೆದುಕೊಂಡು ಹೋಗಿ ಆ ಮಗುವಿನ ಕೊರಳಿಗೆ ಮುತ್ತು ಕಟ್ಟಿಸಬೇಕು. ಮುತ್ತು ಕಟ್ಟಿಸಿಕೊಂಡವಳು ದೇವಿಯವಳು. ಅವಳಿಗೆ ಮದುವೆಯಿಲ್ಲ, ಶಾಲೆಯಿಲ್ಲ. ಮಂಗಳವಾರ ಶುಕ್ರವಾರ ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತು ಮನೆಮನೆಗೆ ಜೋಳ ಬೇಡಬೇಕು. ದೊಡ್ಡವಳಾದ ಮೇಲೆ ಊರಿನ ಉಳ್ಳವರು ಅವಳನ್ನು ತಮ್ಮವಳೆಂದು ತಿಳಿಯುತ್ತಿದ್ದರು, ಹೆಂಡತಿ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ನಮ್ಮಂಥ ಬಡವರ ಓಣಿಗಳಲ್ಲಿ ಅಂಥವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಿದ್ದರು. ಆದ್ದರಿಂದ ಅವ್ವನ ಪಾಲಿಗೆ ನನ್ನ ತಲೆ ಹಿಕ್ಕುವುದೆಂದರೆ ಮನೆಯ ಬಾಗಿಲಿಗೆ ಚಿಲಕ ಹಾಕಿದ ಹಾಗೆ.

ಅಜ್ಜಿಯ ಹೆದರಿಕೆ ಬೇರೆಯದೇ ಆಗಿತ್ತು. ಅಪ್ಪನಿಗಿಂತ ಮೊದಲು ಅವಳಿಗೊಬ್ಬಳು ಮಗಳಿದ್ದಳು, ಅವಳದೂ ಗುಂಗುರು. ಆ ಮಗುವಿಗೆ ಎಂಟು ವರ್ಷಕ್ಕೆ ಜಡಿ ಬಂತು. ನಮ್ಮ ಅಜ್ಜ ಸಿಟ್ಟಿನ ಮನುಷ್ಯ, "ಎಂಥಾ ದೇವರು" ಎಂದು ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಂದು ಜಡಿಯನ್ನು ಬುಡಕ್ಕೇ ಕತ್ತರಿಸಿಬಿಟ್ಟ. ಅದೇ ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಂತು, ಹುಡುಗಿ ಹೋದಳು. ಆ ವರ್ಷ ಊರಿನಲ್ಲಿ ಜಡಿ ಇಲ್ಲದ ಎಷ್ಟೋ ಮಕ್ಕಳೂ ಹೋಗಿದ್ದವು. ಅದನ್ನು ಅಜ್ಜಿಗೆ ಯಾರು ಹೇಳಬೇಕು? ಹೇಳಿದರೂ ಮಗಳನ್ನು ಕಳೆದುಕೊಂಡವಳ ಕಿವಿಗೆ ಅದು ಇಳಿಯುವ ಮಾತಲ್ಲ. ಅಜ್ಜಿಯ ಎದುರಿಗೆ ಕತ್ತರಿ ಎಂಬ ಶಬ್ದ ಆಡಿದರೂ ಅವಳ ಮುಖ ಬಿಳುಚಿಕೊಳ್ಳುತ್ತಿತ್ತು.

ನನ್ನ ತಮ್ಮ ಹುಟ್ಟುವ ವರ್ಷ ಅವ್ವ ಬಾಣಂತನಕ್ಕೆ ಸವಣೂರಿಗೆ ಹೋದಳು. ನಾನು ಆಗಷ್ಟೇ ಶಾಲೆಗೆ ಸೇರಿದ್ದರಿಂದ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಳು. ಹೋಗುವ ಮುಂಜಾನೆ ಬಸ್ಸಿಗೆ ತಡವಾಗುತ್ತದೆಂದು ಅಪ್ಪ ಗೊಣಗುತ್ತಿದ್ದರೂ ಕೂತು ನನಗೆ ಬಿಗಿಯಾಗಿ ಎರಡು ಹೆರಳು ಹಾಕಿ, "ಅತ್ತೀ, ದಿನಾ ಹಿಕ್ರಿ. ಅತ್ರೂ ಬಿಡಬ್ಯಾಡ್ರಿ," ಎಂದು ಎರಡೆರಡು ಸಲ ಹೇಳಿದಳು. ಅಜ್ಜಿ "ಹೂಂ, ಹೋಗಿ ಬಾ," ಅಂದಳು.

ಅಜ್ಜಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆದರೆ ದೀಪಾವಳಿ ಕಳೆದು ಭತ್ತದ ಸುಗ್ಗಿ ಶುರುವಾದಾಗ ನನಗೆ ಜ್ವರ ಬಂತು, ವಾರಗಟ್ಟಲೆ ಬಿಡದ ವಿಷಮ ಜ್ವರ. ಅಪ್ಪ ನನ್ನನ್ನು ಎತ್ತಿಕೊಂಡು ಹಾನಗಲ್ಲಿನ ದವಾಖಾನೆಗೆ ಹೋದ, ಅಜ್ಜಿಯೂ ಜೊತೆಗೆ ಬಂದಳು. ಡಾಕ್ಟರರು ಔಷಧ ಬರೆದು, "ತಲಿ ಬೋಳಿಸಿಬಿಡ್ರಿ, ಕಾವು ಇಳೀತೈತಿ. ಕೂದಲ ಮತ್ತ ಬರ್ತಾವು," ಅಂದರು. ಅಜ್ಜಿ ಒಳಗೆ "ಹೂಂರಿ ಸಾಹೇಬರ" ಎಂದು ತಲೆಯಾಡಿಸಿದಳು. ಹೊರಗೆ ಬಂದದ್ದೇ ಅಪ್ಪನಿಗೆ, "ಕತ್ತರಿ ಗಿತ್ತರಿ ಅಂದ್ರ ನಾ ಇಲ್ಲೇ ರಸ್ತಾದಾಗ ಕುಂದರತೇನಿ ನೋಡು," ಅಂದಳು. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ.

ಆ ಜ್ವರದಲ್ಲಿ ತಲೆ ಮುಟ್ಟಿದರೆ ನಾನು ಅಳುತ್ತಿದ್ದೆ. ಅವ್ವನಾಗಿದ್ದರೆ ಅತ್ತರೂ ಹಿಕ್ಕುತ್ತಿದ್ದಳು. ಅಜ್ಜಿಗೆ ಅಷ್ಟು ಕಲ್ಲು ಮನಸ್ಸಿರಲಿಲ್ಲ. "ಆರಾಮಾಗಲಿ ನನ್ನ ಕೂಸು, ಆಮ್ಯಾಲ ಹಿಕ್ಕಿದ್ರಾತು," ಎಂದು ಹಣಿಗೆ ಗೂಡಿನಲ್ಲಿಟ್ಟಳು. ಅಷ್ಟೇ ಅಲ್ಲ, ತಲೆ ತಂಪಾಗಲೆಂದು ದಿನಾ ಔಡಲೆಣ್ಣೆ ಹೊಯ್ದಳು, ದೃಷ್ಟಿ ತಾಗಬಾರದೆಂದು ಅದರ ಮೇಲೆ ಒಂದು ಚಿಟಿಕೆ ಭಂಡಾರ ಉದುರಿಸಿದಳು. ಸಂಜೆ ಅಪ್ಪ ಗಿರಣಿಯಿಂದ ಮೈತುಂಬ ತೌಡಿನ ಧೂಳು ಹೊತ್ತು ಬಂದವನೇ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಔಡಲೆಣ್ಣೆ, ಅರಿಷಿಣ, ತೌಡು, ಬೆವರು ಎಲ್ಲ ಕೂಡಿ, ಮಲಗಿದಲ್ಲೇ ಹೊರಳಾಡುವ ಮಗುವಿನ ಗುಂಗುರು ಕೂದಲಿನಲ್ಲಿ ಏನಾಗಬೇಕೋ ಅದೇ ಆಯಿತು. ಪ್ರೀತಿ ಮಾಡಿ ಮಾಡಿಯೇ ಅವರಿಬ್ಬರೂ ಅದನ್ನು ಕಟ್ಟಿದರು ಅಂತ ಈಗ ಅನಿಸುತ್ತದೆ.

ಜ್ವರ ಬಿಟ್ಟ ದಿನ ಅಜ್ಜಿ ನನ್ನನ್ನು ಎಬ್ಬಿಸಿ ಕೂರಿಸಿ ತಲೆಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಹಿಂದಲೆಯಲ್ಲಿ ಕೂದಲೆಲ್ಲ ಒಂದಾಗಿ, ಮುಂಗೈ ದಪ್ಪದ ಒಂದೇ ಹಗ್ಗವಾಗಿತ್ತು. ಅವಳು ನನ್ನನ್ನು ಬಿಟ್ಟು ಹಿಂದೆ ಸರಿದು, ದೇವರ ಜಗುಲಿಯ ಕಡೆ ತಿರುಗಿ, "ಮತ್ತ ನನ್ನ ಮನಿಗೇ ಬಂದ್ಯಾ ತಾಯಿ," ಅಂದಳು. ಆ ದನಿಯನ್ನು ನಾನು ಮರೆತಿಲ್ಲ. ಅದರಲ್ಲಿ ಭಕ್ತಿ ಕಡಿಮೆ, ಸೋತವರ ದಣಿವೇ ಹೆಚ್ಚು. ಬನದ ಹುಣ್ಣಿಮೆಗೆ ಗುಡ್ಡಕ್ಕೆ ಕರೆತರುತ್ತೇನೆ, ಮಗುವಿನ ಜೀವ ಒಂದು ಉಳಿಸು ಎಂದು ಅಲ್ಲೇ ಹರಕೆ ಹೊತ್ತಳು.

ಸುದ್ದಿಗೆ ಕಾಲಿಲ್ಲದಿದ್ದರೂ ಬಸ್ಸು ಸಿಗುತ್ತದೆ. ಸವಣೂರಿನ ವೀಳ್ಯದೆಲೆ ಮಾರುವವರು ಅಕ್ಕಿಆಲೂರಿನ ಸಂತೆಗೆ ಬರುತ್ತಿದ್ದರು. ಅವರ ಬಾಯಿಂದ ಅವ್ವನಿಗೆ ಗೊತ್ತಾಯಿತು. ಬಾಣಂತಿ ಹೊರಗೆ ಕಾಲಿಡಬಾರದು, ಹಸುಗೂಸಿಗೆ ಗಾಳಿ ತಾಗಬಾರದು ಎಂದು ಅವಳ ತವರಿನವರು ಕೈಹಿಡಿದು ಬೇಡಿಕೊಂಡರಂತೆ. ಅವ್ವ ಕಿವಿಗೆ ಅರಿವೆ ಬಿಗಿದುಕೊಂಡು, ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು, ಸವಣೂರಿನಿಂದ ಶಿಗ್ಗಾಂವಿಗೆ ಒಂದು ಬಸ್ಸು, ಅಲ್ಲಿಂದ ಬಂಕಾಪುರದ ಮೇಲೆ ಹಾನಗಲ್ಲಿಗೆ ಇನ್ನೊಂದು ಬಸ್ಸು, ಹಾನಗಲ್ಲಿನಿಂದ ಊರಿಗೆ ಮತ್ತೊಂದು ಹಿಡಿದು ಬಂದೇಬಿಟ್ಟಳು. ಮನೆಗೆ ಬಂದವಳು ಕಾಲು ತೊಳೆಯಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಕೂಸನ್ನು ಅಪ್ಪನ ಕೈಗೆ ಕೊಟ್ಟು ನನ್ನ ಹಿಂದಲೆಗೆ ಕೈ ಹಾಕಿದಳು.

"ಇದು ಸಿಕ್ಕರೀ ಅತ್ತಿ. ಜಡಿ ಅಲ್ಲ," ಅಂದಳು.

"ನೀ ಇನ್ನೂ ಸಣ್ಣಾಕಿ. ನಾ ಒಂದು ಸಲ ನೋಡೇನಿ. ಒಂದು ಕೂಸು ಕೊಟ್ಟೇನಿ. ಇನ್ನೊಂದು ಕೊಡಾಕ ನನ್ನ ಕಡೆ ಆಗೂದಿಲ್ಲ," ಅಂದಳು ಅಜ್ಜಿ.

"ಈಗ ನೀವು ಮಾಡಾಕತ್ತಿದ್ದೂ ಕೊಡೂದನರೀ. ಗುಡ್ಡಕ್ಕ ಬಿಟ್ಟು ಬಂದ ಮ್ಯಾಲ ಅಕಿ ನಮ್ಮಕಿ ಅಂತ ಹ್ಯಾಂಗ ಅನ್ನೋದರಿ?"

"ಜೀವಂತರ ಇರ್ತಾಳಲ್ಲ."

ಇಬ್ಬರೂ ನನ್ನನ್ನು ಉಳಿಸಬೇಕೆಂದೇ ಜಗಳಾಡುತ್ತಿದ್ದರು, ಆದ್ದರಿಂದ ಯಾರೂ ಸೋಲುವಂತಿರಲಿಲ್ಲ. ಹೆಂಡತಿಯ ಕಡೆಗೂ ತಾಯಿಯ ಕಡೆಗೂ ವಾಲಲಾರದೆ ಅಪ್ಪ ಕೂಸನ್ನು ತೂಗುತ್ತ ನಿಂತಿದ್ದ. ಕೊನೆಗೆ ಅವನೇ, "ಶುಕ್ರವಾರ ಜೋಗವ್ವ ಬರ್ತಾಳಲ್ಲ, ಅಕಿ ಹೇಳಿದ್ಹಂಗ ಮಾಡೂಣು," ಅಂದ. ಅಜ್ಜಿಗೆ ಅದು ಸರಿ ಅನಿಸಿತು. ಅವ್ವನಿಗೆ ಅನಿಸಲಿಲ್ಲ. ಬುಟ್ಟಿ ಹೊತ್ತವಳು ಬುಟ್ಟಿಯ ಕಡೆಗೇ ಮಾತಾಡುತ್ತಾಳೆ ಎಂದು ಅವಳ ಲೆಕ್ಕ. ಆದರೂ ಬೇರೆ ದಾರಿ ಇರಲಿಲ್ಲ.

ಜೋಗವ್ವ ನಮ್ಮ ಓಣಿಗೆ ತಪ್ಪದೆ ಬರುತ್ತಿದ್ದವಳು. ವಯಸ್ಸು ಅಜ್ಜಿಗಿಂತ ತುಸು ಕಡಿಮೆ ಇದ್ದೀತು. ಹಣೆ ತುಂಬ ಭಂಡಾರ, ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ, ಹೆಗಲ ಮೇಲಿಂದ ಮುಂದೆ ಬಿದ್ದ ಕಂದು ಬಣ್ಣದ ದಪ್ಪ ಜಡಿ. ಅವಳನ್ನು ಕಂಡರೆ ನಾವು ಮಕ್ಕಳು ಕದದ ಹಿಂದೆ ಅಡಗುತ್ತಿದ್ದೆವು. ಆ ಶುಕ್ರವಾರ ಅವಳು ಬುಟ್ಟಿ ಕೆಳಗಿಳಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡಾಗ ಅಡಗಲು ಜಾಗವಿರಲಿಲ್ಲ. ನನ್ನ ಹಿಂದಲೆಯ ಹಗ್ಗವನ್ನು ಎತ್ತಿ ನೋಡಿದಳು, ಮೂಸಿದಳು, ಬೆರಳಲ್ಲಿ ಒತ್ತಿದಳು. ಅಜ್ಜಿ ಕೈಮುಗಿದು ನಿಂತಿದ್ದಳು. ಅವ್ವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು.

"ಕತ್ತರಿ ಮುಟ್ಟಸಬ್ಯಾಡ್ರಿ," ಅಂದಳು ಜೋಗವ್ವ. ಅಜ್ಜಿ ತಲೆಯಾಡಿಸಿದಳು. "ಆದರ ಕೈಲೆ ಬಿಡಸಬಾರದು ಅಂತ ತಾಯಿ ಎಲ್ಲೂ ಹೇಳಿಲ್ಲ. ಹುಣ್ಣಿವಿ ಮಟ ವ್ಯಾಳ್ಯಾ ಐತಿ. ಕುಂತು ಎಳಿ ಎಳಿ ಬಿಡಸ್ರಿ. ಬಿಟ್ಟರ ಸಿಕ್ಕು, ಬಿಡದಿದ್ರ ಜಡಿ. ತಾಯಿ ಕುಂತಿದ್ರ ಯಾರ ಕೈಲೂ ಬಿಡೂದಿಲ್ಲ. ಅಂದ ಮ್ಯಾಲ ಅಂಜಿಕಿ ಯಾಕ?"

ಅವ್ವ ತಲೆ ಎತ್ತಿದಳು. ಅಜ್ಜಿಗೆ ಇಲ್ಲವೆನ್ನಲು ಬಾಯಿರಲಿಲ್ಲ, ಯಾಕೆಂದರೆ ಮಾತು ದೇವಿಯ ಬುಟ್ಟಿಯಿಂದಲೇ ಬಂದಿತ್ತು. "ಆತು. ಆದರ ನಾ ಮುಟ್ಟೂದಿಲ್ಲ. ಬ್ಯಾಡ ಅನ್ನೂದೂ ಇಲ್ಲ," ಅಂದಳು.

ಮರುದಿನದಿಂದ ನಮ್ಮ ಪಡಸಾಲೆಯಲ್ಲಿ ಅದೇ ಕೆಲಸ. ಅವ್ವ ಅಗಸಿ ಬೀಜ ಕುದಿಸಿ ಸೋಸಿ ಲೋಳೆ ಮಾಡಿಟ್ಟುಕೊಳ್ಳುತ್ತಿದ್ದಳು. ಅದನ್ನು ಗಂಟಿಗೆ ಹಚ್ಚಿ ನೆನೆಸಿ, ಬೆರಳಿನಿಂದ, ಹಣಿಗೆಯ ಒಂದೇ ಹಲ್ಲಿನಿಂದ ಕೆದಕುತ್ತಿದ್ದಳು. ಕೂಸು ಅತ್ತರೆ ಎದ್ದು ಹಾಲು ಕುಡಿಸಿ ಮತ್ತೆ ಬಂದು ಕೂರುತ್ತಿದ್ದಳು. ಹಣಿಗೆಯ ಹಲ್ಲು ಮುರಿಯಿತು, ಗಂಟು ಮುರಿಯಲಿಲ್ಲ. ನನ್ನ ಕುತ್ತಿಗೆ ಸೋತು ಬಾಗುತ್ತಿತ್ತು, ಅವಳ ಬೆನ್ನು ಅದಕ್ಕಿಂತ ಹೆಚ್ಚು ಸೋತಿತ್ತು. ಹಸಿ ಬಾಣಂತಿ ಹಾಗೆ ಕೂರಬಾರದೆಂದು ಓಣಿಯವರೆಲ್ಲ ಬಂದು ಹೇಳಿ ಹೋದರು. ಸಹಾಯಕ್ಕೆ ಮಾತ್ರ ಒಬ್ಬರೂ ಕೂರಲಿಲ್ಲ. ದೇವಿಯ ವಿಷಯಕ್ಕೆ ಕೈ ಹಾಕಲು ಅವರಿಗೂ ಅಂಜಿಕೆ.

ಅಪ್ಪ ಗಿರಣಿಯಿಂದ ಒಂದು ದಬ್ಬಣ ತಂದ. ಚೀಲ ಹೊಲಿಯುವ ಆ ದೊಡ್ಡ ಸೂಜಿಯ ಮೊನೆಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಮೊಂಡು ಮಾಡಿ, ತನ್ನ ಅಂಗೈಗೇ ಒತ್ತಿ ಒತ್ತಿ ಪರೀಕ್ಷೆ ಮಾಡಿ ಅವ್ವನಿಗೆ ಕೊಟ್ಟ. "ಚೀಲದ ಹೊಲಿಗಿ ಬಿಚ್ಚೂ ಮುಂದ ಕೈಗೆ ಸಿಕ್ಕ ಎಳಿ ಜಗ್ಗಿದ್ರ ಬಿಗೀತೈತಿ. ಯಾವುದು ಸಡಲ ಐತಿ ಮೊದಲ ನೋಡು, ಅದನ್ನ ಹಿಡಿ," ಅಂದ. ನಮ್ಮ ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಜ್ಜಿ ಮುಟ್ಟುವುದಿಲ್ಲವೆಂದು ಹೇಳಿದ್ದಳಷ್ಟೆ, ನೋಡುವುದಿಲ್ಲವೆಂದು ಹೇಳಿರಲಿಲ್ಲ. ಬೀಸುವ ಕಲ್ಲನ್ನು ನಮ್ಮ ಎದುರಿಗೇ ಎಳೆದುಕೊಂಡು ಜೋಳ ಬೀಸುತ್ತ ಕೂರುತ್ತಿದ್ದಳು. ಚೌಕಾಬಾರ ಆಡುವವರ ಪಕ್ಕ ಕೂತವರು ಬಾಯಿ ಮುಚ್ಚಿಕೊಂಡಿರುವುದನ್ನು ಯಾರಾದರೂ ಕಂಡಿದ್ದೀರಾ? ಅವ್ವ ಎಂದಿನಂತೆ ಬುಡದಿಂದ ಶುರು ಮಾಡಿ ಸಾಕುಸಾಕಾಗುತ್ತಿದ್ದಾಗ ಅಜ್ಜಿಯ ಬಾಯಿಂದ, "ಬುಡದಿಂದ ಅಲ್ಲಬೇ, ತುದಿಯಿಂದ," ಎಂಬ ಮಾತು ಜಾರಿಬಿತ್ತು. ಜಾರಿದ್ದೇ ತಡ, ನಾಲಗೆ ಕಚ್ಚಿಕೊಂಡು ಜಗುಲಿಯ ಕಡೆ ನೋಡಿ ಗಲ್ಲ ಗಲ್ಲ ಬಡಿದುಕೊಂಡಳು. ಅವ್ವ ನಗು ಬಂದರೂ ನಗದೆ ತುದಿಯಿಂದ ಶುರು ಮಾಡಿದಳು. ಮೊದಲ ಎಳೆ ಬಿಟ್ಟಿತು.

ಅಲ್ಲಿಂದ ಮುಂದೆ ಅಜ್ಜಿಯ ಮಾತು ದಿನಕ್ಕಿಷ್ಟು ಜಾರತೊಡಗಿತು. "ಒಣಗಿತು, ಲೋಳಿ ಹಚ್ಚು." "ಬುಡಾ ಗಟ್ಟಿ ಹಿಡಕೋ, ಕೂಸಿಗೆ ನೋವಾಗೂದಿಲ್ಲ." ಪ್ರತಿ ಸಲವೂ ಗಲ್ಲ ಬಡಿತ. ಅವಳು ಬಾಳೆಲ್ಲ ಸೆರಗಿನ ಕೆಳಗೆ ಗುಂಗುರು ಕೂದಲು ಸಾಕಿದವಳು. ನೇರ ಕೂದಲಿನ ಅವ್ವನಿಗೆ ಗೊತ್ತಿರದ್ದೆಲ್ಲ ಅವಳಿಗೆ ಗೊತ್ತಿತ್ತು. ಹೀಗೆ ಹಗ್ಗ ಕೆಳಗಿನಿಂದ ಮೇಲಕ್ಕೆ ಕರಗುತ್ತ ಬಂತು. ನನಗೂ ನೋವು ಕಡಿಮೆಯಾಯಿತು. ಅವ್ವನ ತೊಡೆಯ ಮೇಲೆ ತಲೆ ಇಟ್ಟು, ಬೀಸುವ ಕಲ್ಲಿನ ಸದ್ದು ಕೇಳುತ್ತ ನಿದ್ದೆ ಹೋದದ್ದೂ ಇದೆ.

ಆದರೆ ಹುಣ್ಣಿಮೆಯ ಜಾತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನವಾದರೂ ಕುತ್ತಿಗೆಯ ಹತ್ತಿರ ಅಡಿಕೆ ಗಾತ್ರದ ಒಂದು ಗಂಟು ಉಳಿದಿತ್ತು. ಕಲ್ಲಿನಂತೆ ಗಟ್ಟಿ. ದಬ್ಬಣ ಒಳಗೇ ಹೋಗುತ್ತಿರಲಿಲ್ಲ. ಗುಡ್ಡಕ್ಕೆ ಹೋಗುವ ಗಾಡಿಗಳು ಆಗಲೇ ಓಣಿಯ ಬಾಯಲ್ಲಿ ನಿಂತಿದ್ದವು, ಅಜ್ಜಿಯ ಹರಕೆಯ ಸೀರೆ ಮಡಚಿಟ್ಟದ್ದು ಜಗುಲಿಯ ಮೇಲಿತ್ತು. ಅವ್ವನ ಬೆರಳ ತುದಿಗಳು ಒಡೆದಿದ್ದವು. ಹಾಲು ಕಟ್ಟಿ ಮೈ ಬಿಸಿಯಾಗಿತ್ತು. ಬಹಳ ಹೊತ್ತು ಪ್ರಯತ್ನ ಮಾಡಿ, ದಬ್ಬಣ ಕೆಳಗಿಟ್ಟು, "ಅತ್ತೀ, ನನ್ನ ಕೈಲೆ ಆಗವಲ್ದರಿ," ಎಂದು ಅಳತೊಡಗಿದಳು. ಅವ್ವ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಬೀಸುವ ಕಲ್ಲು ನಿಂತಿತು. ಅಜ್ಜಿ ಎದ್ದು ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದಳು. ಜಗುಲಿಯ ಮುಂದೆ ನಿಂತು, ಪಕ್ಕದ ಮನೆಯವರೊಂದಿಗೆ ಮಾತಾಡುವಷ್ಟು ಸಹಜವಾಗಿ ಹೇಳಿದಳು:

"ತಾಯೀ, ಇದರಾಗ ನೀ ಇದ್ರ ನನ್ನ ಕೈ ಹಿಡಿ. ಇಲ್ಲಾಂದ್ರ ಬಿಡು. ಸಿಟ್ಟು ಬಂದ್ರ ನನ್ನ ಮ್ಯಾಲ ಬರಲಿ. ಕೂಸಿನ ಮ್ಯಾಲ ಬ್ಯಾಡ."

ಆಮೇಲೆ ನನ್ನ ಹಿಂದೆ ಬಂದು ಕೂತು ದಬ್ಬಣ ಎತ್ತಿಕೊಂಡಳು. ನನಗೆ ನೋವಾಗದಿರಲೆಂದು ಅವಳ ಒಂದು ಕೈ ಕೂದಲಿನ ಬುಡವನ್ನು ಗಟ್ಟಿಯಾಗಿ ಹಿಡಿದಿತ್ತು. ಮಗಳನ್ನು ಕೊಂದದ್ದೆಂದು ಅವಳು ಅಷ್ಟು ವರ್ಷ ನಂಬಿದ್ದ ಸಿಟ್ಟನ್ನು ಈಗ ತಾನೇ ಕರೆದು ಮೈಮೇಲೆ ಹಾಕಿಕೊಂಡಿದ್ದಳು. ನನಗಾಗಿ ಯಾರು ಏನು ಮಾಡಿದರೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕೈ.

ಹೊತ್ತು ಇಳಿಯುವವರೆಗೆ ಅವಳು ಕೂತಳು. ಅವ್ವ ಪಕ್ಕದಲ್ಲಿ ಲೋಳೆಯ ಬಟ್ಟಲು ಹಿಡಿದಿದ್ದಳು. ಒಂದು ಹೊತ್ತಿನಲ್ಲಿ ಕುತ್ತಿಗೆಯಲ್ಲಿ ಏನೋ ಸಡಿಲವಾಯಿತು, ತಲೆ ಹಗುರಾಯಿತು. ಅಜ್ಜಿ ಗಂಟಿನ ನಡುವಿನಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಒಂದು ಭತ್ತದ ಕಾಳು. ಅಪ್ಪನ ಅಂಗಿಯಿಂದ ಉದುರಿದ್ದಿರಬೇಕು. ಅದರ ತುದಿಯ ಮೊನಚು ಮುಳ್ಳಿಗೆ ಸಿಕ್ಕಿಕೊಂಡು ಮೊದಲ ಎಳೆ ಸುತ್ತಿದೆ, ಅದರ ಮೇಲೆ ಉಳಿದದ್ದೆಲ್ಲ ಸುತ್ತಿದೆ.

"ಇಷ್ಟು ದಿನ ನಾ ಇದಕ್ಕ ಕೈಮುಗದೇನೇನ," ಎಂದು ಅಜ್ಜಿ ನಕ್ಕಳು. ಅವ್ವನೂ ನಕ್ಕಳು. ನಾನೂ ತಿರುಗಿ ನೋಡಿ ನಕ್ಕೆ. ನಗು ನಿಂತ ಮೇಲೂ ಅಜ್ಜಿ ಆ ಕಾಳನ್ನೇ ನೋಡುತ್ತಿದ್ದಳು. ಆಮೇಲೆ ಯಾರಿಗೋ ಕೇಳುವ ಹಾಗೆ, "ಅಕಿ ತಲ್ಯಾಗೂ ಇಂಥಾದ ಇತ್ತೋ ಏನೋ," ಅಂದಳು. ಅವ್ವ ಬಟ್ಟಲು ಕೆಳಗಿಟ್ಟು ಅತ್ತೆಯನ್ನು ತಬ್ಬಿಕೊಂಡಳು.

ಮರುದಿನ ಗಾಡಿಗಳು ಹೋದವು, ನಮ್ಮ ಮನೆಯಿಂದ ಯಾರೂ ಹತ್ತಲಿಲ್ಲ. ಮಂಗಳವಾರ ಜೋಗವ್ವ ಬಂದಳು. ಅಜ್ಜಿ ನನ್ನನ್ನು ಅವಳ ಎದುರಿಗೆ ಕೂರಿಸಿ, ಹಾಕಿದ್ದ ಹೆರಳನ್ನು ತಾನೇ ಬಿಚ್ಚಿದಳು. ಜೋಗವ್ವ ನೆತ್ತಿಯಿಂದ ತುದಿಯವರೆಗೆ ಕೈ ಆಡಿಸಿದಳು. ಒಂದು ಸಲ ಆಡಿಸಿ ಸಾಲದೆ ಮತ್ತೆ ಮತ್ತೆ ಆಡಿಸಿದಳು. ಅವಳ ಬೆರಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಸಿಕ್ಕವಾ ಇದು. ಬರೇ ಸಿಕ್ಕು," ಅಂದಳು.

ಅವಳ ಮುಖ ಅಷ್ಟು ಹತ್ತಿರದಿಂದ ಕಂಡಾಗ ನನ್ನ ಹೆದರಿಕೆ ಹೋಗಿತ್ತು. ಹೆಗಲ ಮೇಲಿನ ಅವಳ ಜಡಿಯನ್ನು ತೋರಿಸಿ, "ನಿಮ್ಮದು ಬಿಡಲಿಲ್ಲೇನ್ರಿ?" ಎಂದು ಕೇಳಿದೆ. ಅವ್ವ ನನ್ನ ತೊಡೆ ಚಿವುಟಿದಳು. ಜೋಗವ್ವನಿಗೆ ಸಿಟ್ಟು ಬರಲಿಲ್ಲ.

"ಬಿಡತಿತ್ತೋ ಏನೋ ತಂಗಿ. ನಮ್ಮವ್ವ ಸತ್ತಿದ್ಲು. ಕುಂದರೋರು ಇರಲಿಲ್ಲ," ಅಂದಳು.

ಅಜ್ಜಿ ಒಳಗೆ ಹೋಗಿ ಮೊರದಲ್ಲಿ ಜೋಳ ತಂದವಳು ಅದನ್ನು ಬುಟ್ಟಿಗೆ ಹಾಕದೆ ಕೆಳಗಿಟ್ಟಳು. ಕಿಟಕಿಯಲ್ಲಿದ್ದ ದಬ್ಬಣ ಕೈಗೆತ್ತಿಕೊಂಡು, "ಕುಂದರಬೇ. ನಾ ಕುಂದರತೇನಿ ನಿನ್ನ ಹಿಂದ," ಅಂದಳು.

ಜೋಗವ್ವ ಜಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡಿದಳು. "ಈಗ ಇದನ್ನ ಬಿಡಿಸಿಕೊಂಡು ನಾ ಯಾರ ಮನಿಗೆ ಹೋಗ್ಲಿ ಯಕ್ಕಾ?" ಎಂದು ನಕ್ಕು, ಜೋಳ ತಾನೇ ಬುಟ್ಟಿಗೆ ಸುರಿದುಕೊಂಡು, ನನ್ನ ಹಣೆಗೆ ಭಂಡಾರ ಹಚ್ಚಿ ಎದ್ದಳು. ದೇವಿಯ ಬುಟ್ಟಿಗೆ ಕೈಮುಗಿಯುವುದು ನಮ್ಮ ಮನೆಯ ರೂಢಿ. ಆವತ್ತು ಅಜ್ಜಿ ಬುಟ್ಟಿಯನ್ನು ನೋಡಲಿಲ್ಲ, ತನಗಿಂತ ಸಣ್ಣವಳಾದ ಆ ಹೆಂಗಸಿನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವ್ವನೂ ಮಾಡಿದಳು, ನನ್ನ ಕೈಯಿಂದಲೂ ಮಾಡಿಸಿದಳು.

ಅವಳು ಪಕ್ಕದ ಮನೆಯ ಮುಂದೆ ನಿಂತು ಜೋಳ ಕೇಳುವ ದನಿ ನಮಗೆ ಕೇಳಿಸುತ್ತಿತ್ತು. ಅವ್ವ ನನ್ನ ಮುಂದೆ ಪಾಟಿ ಬಳಪ ತಂದಿಟ್ಟಳು, ಶಾಲೆಗೆ ಹೊತ್ತಾಗಿತ್ತು. ಆಮೇಲೆ ಅವಳು ಒಂದು ಹೆರಳು, ಅಜ್ಜಿ ಒಂದು ಹೆರಳು ಹಿಡಿದು, ಇಬ್ಬರೂ ನನ್ನ ಹಿಂದೆ ಕೂತರು.